ತುಕ್ಕಿಗಲ್ಲದ ಎಣ್ಣೆ

ಕಾಂದಿವಲಿ

ಜರ್ಮನಿಗೆ ಹೋಗಿ ಬಂದವರು ಕೋಟೆಗಳ ಬಗ್ಗೆ ಬರೆಯುತ್ತಾರೆ. ನಾನು ಒಂದೂ ಕೋಟೆ ನೋಡಲಿಲ್ಲ. ದೂರದ ಗುಡ್ಡದ ಮೇಲೆ ಏನೋ ಕಂಡಿತ್ತು. ಅದು ಕೋಟೆಯೋ ನೀರಿನ ಟ್ಯಾಂಕೋ ಎಂದು ಕೇಳಲು ಪುರುಸೊತ್ತು ಇರಲಿಲ್ಲ. ಅಲ್ಲಿದ್ದ ಅಷ್ಟೂ ದಿನ ನಾನು ಕಣ್ಣಿಟ್ಟು ನೋಡಿದ್ದು ಒಂದು ತೊಳೆಯುವ ತೊಟ್ಟಿ, ಒಂದು ಬ್ರೆಡ್ಡಿನ ತುಂಡು ಮತ್ತು ಗೋಡೆಗೆ ಹೊಂದಿಸಿದ ಒಂದು ಹೀಟರು. ಇಷ್ಟರ ಮೇಲೆ ಪ್ರವಾಸ ಕಥನ ನಿಲ್ಲುತ್ತದೆಯೇ ಎಂದು ಸಂದೇಹಪಡುವವರು ಪಡಲಿ. ಸಂದೇಹಪಡುವುದು ನನ್ನ ಕಸುಬೇ ಆದ್ದರಿಂದ ಬೇಸರವಿಲ್ಲ.

ಹೋದದ್ದು ಯಾಕೆಂದು ಮೊದಲು ಹೇಳಿಬಿಡುತ್ತೇನೆ. ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ದಿವಾಕರಣ್ಣನ ಕಾರ್ಖಾನೆ ಇದೆ. ಉಡುಪಿ ಕಡೆಯವರು. ಒಡಹುಟ್ಟಿದವರೆಲ್ಲ ಹೋಟೆಲಿಗೆ ಹೋದರು, ಇವರೊಬ್ಬರು ಲೋಹದ ಪುಡಿಗೆ ಬಂದರು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿ, ಫ್ಯಾನಿನ, ಮಿಕ್ಸಿಯ ದಂಡ ಸಲೀಸಾಗಿ ತಿರುಗಲು ಬೇಕಾಗುವ ಬಳೆಯಂಥ ಬುಷ್‌ಗಳನ್ನು ಮಾಡುವುದು ಅಲ್ಲಿನ ಹಳೆಯ ಕೆಲಸ. ಓದು ಮುಗಿಸಿದ ಮೇಲೆ ನಾನು ಸೇರಿದ್ದು ಹೊಸ ಕೆಲಸಕ್ಕೆ: ಐರನ್ ಅಲ್ಯೂಮಿನೈಡ್. ಕಬ್ಬಿಣದ ಪುಡಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ ಕಾಯಿಸಿದರೆ ಎರಡೂ ಕೂಡಿ, ಎರಡೂ ಅಲ್ಲದ ಮೂರನೆಯದೊಂದು ಹುಟ್ಟುತ್ತದೆ. ಕೆಂಪಗೆ ಕಾದ ಕುಲುಮೆಯಲ್ಲಿ ಕೂತರೂ ಅದು ಸುಟ್ಟು ಉದುರುವುದಿಲ್ಲ. ದುಬಾರಿ ನಿಕ್ಕಲ್ ಬೇಕಿಲ್ಲ. ತುಕ್ಕಂತೂ ಹತ್ತಿರ ಸುಳಿಯುವುದಿಲ್ಲ.

ಕಾಗದದ ಮೇಲೆ ಇಷ್ಟೇ. ಕುಲುಮೆಯಲ್ಲಿ ಬೇರೆಯೇ ಆಟ. ಅಲ್ಯೂಮಿನಿಯಂ ಕರಗುವ ಹೊತ್ತಿಗೆ ಕಬ್ಬಿಣ ಅದನ್ನು ಎಷ್ಟು ರಭಸದಿಂದ ಒಳಗೆಳೆದುಕೊಳ್ಳುತ್ತದೆ ಎಂದರೆ, ಮಿಶ್ರಣ ತನ್ನದೇ ಶಾಖದಿಂದ ಇನ್ನಷ್ಟು ಕಾಯುತ್ತದೆ. ಅಲ್ಯೂಮಿನಿಯಂ ಇದ್ದ ಜಾಗದಲ್ಲಿ ತೂತು ಉಳಿಯುತ್ತದೆ, ತುಂಡು ಉಬ್ಬುತ್ತದೆ. ಪರೀಕ್ಷೆಗೆಂದು ಮಾಡಿದ ಲೋಹದ ಪಟ್ಟಿ, ನಮ್ಮ ಮೊದಲ ಬಾರ್, ಹೊರಬಂದಾಗ ದಿವಾಕರಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇಡ್ಲಿಯಾಗಿದ್ರೆ ಮೆಚ್ಚುತ್ತಿದ್ದೆ" ಎಂದರು. ಆಮೇಲೆ ಅಲ್ಯೂಮಿನಿಯಂ ಕರಗುವ ಮಟ್ಟಕ್ಕಿಂತ ಕೆಳಗೆ ಕುಲುಮೆಯನ್ನು ತಡೆದು ನಿಲ್ಲಿಸಿ, ಪುಡಿಗಳು ಒಂದರೊಳಗೊಂದು ಮೆಲ್ಲಗೆ ಇಳಿಯಲು ಬಿಟ್ಟು, ನಂತರ ಬಿಸಿಯಲ್ಲೇ ಮೇಲಿನಿಂದ ಒತ್ತುವುದನ್ನು ಕಲಿತೆವು. ತೂತು ಮುಚ್ಚಿತು. ಗೋರೆಗಾಂವ್‌ನ ಪರೀಕ್ಷಾ ಕೇಂದ್ರದಲ್ಲಿ ನಮ್ಮ ಬಾರ್ ಮುರಿಯದೆ ಬಾಗಿತು. ಇಂಥ ವಸ್ತು ತಣ್ಣಗಿರುವಾಗ ಬಾಗುವುದೆಂದರೆ ದೊಡ್ಡ ಸಂಗತಿ. ಆ ವರದಿಯನ್ನೂ ಒಂದಿಷ್ಟು ಬಾರ್‌ಗಳನ್ನೂ ಜರ್ಮನಿಯ ಒಂದು ಕುಲುಮೆ ಕಂಪನಿಗೆ ಕಳಿಸಿದೆವು. ಅವರಿಗೆ ಬರ್ನರಿನ ಮೂತಿಗಳು ಬೇಕಿದ್ದವು.

ಅಲ್ಲಿಂದ ಬಂದ ಉತ್ತರ ಬಹಳ ವಿನಯದ್ದು. ನಿಮ್ಮ ಬಾರ್‌ಗಳು ನಮ್ಮಲ್ಲಿ ಬಾಗದೆ ಮುರಿದವು, ನಿಮ್ಮ ವರದಿ ಬಾಗಿತು ಎನ್ನುತ್ತದೆ, ಯಾರಾದರೂ ಬಂದು ವಿವರಿಸಿದರೆ ಒಳ್ಳೆಯದು.

"ಸುಳ್ಳು ಅಂತ ಅವ್ರು ಬರೀಲಿಲ್ಲ. ಓದುವಾಗ ಮಾತ್ರ ಹಾಗೇ ಕೇಳ್ತದೆ," ಎಂದರು ದಿವಾಕರಣ್ಣ. ಅವರಿಗೆ ಆರ್ಡರಿಗಿಂತ ಆ ಮಾತೇ ಚುಚ್ಚಿತ್ತು. ನಾನು ಹೋಗಿ ಬರಬೇಕು, ಸಮಾಧಾನ ಹೇಳಲು ಆಗದಿದ್ದರೆ ಅಲ್ಯೂಮಿನೈಡಿಗೆ ಅಲ್ಲೇ ಕೊನೆ, ಬಿಸಿ ಒತ್ತುವ ಯಂತ್ರ ಮತ್ತೆ ಬುಷ್ ಒತ್ತಲಿ ಎಂದು ತೀರ್ಮಾನಿಸಿದರು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ನಾಣ್ಯ ಚಿಮ್ಮಿ ಪರವೋ ವಿರೋಧವೋ ಹಂಚುತ್ತಿದ್ದರು, ಬಂದ ಪಕ್ಷವನ್ನು ಗೆಲ್ಲಿಸಬೇಕು. ಅಂಥ ನಾನು ಕಾಂದಿವಲಿಯಲ್ಲಿ ಸೋತ ಒಂದು ವಾದ ಎಣ್ಣೆಯದು. ನಮ್ಮಲ್ಲಿ ಕುಲುಮೆಯಿಂದ ಹೊರಬಂದು ಉಜ್ಜಿಸಿಕೊಂಡ ಪ್ರತಿ ತುಂಡನ್ನೂ ಪ್ರೆಸ್ ನಡೆಸುವ ಬಸಣ್ಣ ಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೆಗೆಯುತ್ತಾನೆ. ಮುಂಬೈಯ ಮಳೆಗಾಲ ಕಂಡ ಯಾವ ಕಾರ್ಖಾನೆಯೂ ಕಬ್ಬಿಣವನ್ನು ಬರಿಮೈಯಲ್ಲಿ ಬಿಡುವುದಿಲ್ಲ, ಒಪ್ಪುತ್ತೇನೆ. ಆದರೆ ಇದು ತುಕ್ಕು ಹಿಡಿಯದ ವಸ್ತು. ತುಕ್ಕು ಹಿಡಿಯದ್ದಕ್ಕೆ ತುಕ್ಕಿನ ಎಣ್ಣೆ ಯಾಕೆ? ಬಾರನ್ನು ಉಪ್ಪುನೀರಿನಲ್ಲಿ ಬಿಟ್ಟು ತೋರಿಸಿದೆ. ಕಾರಣ, ಉದಾಹರಣೆ, ಉಪಸಂಹಾರ, ಯಾವುದಕ್ಕೂ ಕೊರತೆ ಇರಲಿಲ್ಲ.

ವಿಜಯಪುರ ಕಡೆಯ ಬಸಣ್ಣ ಪೂರ್ತಿ ಕೇಳಿಸಿಕೊಂಡ. "ಎಲ್ಲಾ ಖರೇ ಐತಿ ತಂಗಿ. ಎಣ್ಣಿ ಹಚ್ಚಿದ್ರ ಅದಕ್ಕ ಬ್ಯಾನಿ ಆಗತೈತೇನು?" ಎಂದು ಅದ್ದಿ ತೆಗೆದ.

ದಿವಾಕರಣ್ಣ ತೀರ್ಪು ಕೊಟ್ಟರು: "ನೀನು ವಾದ ಮಾಡು ಮಾರಾಯ್ತಿ, ಬೇಡ ಅನ್ನುದಿಲ್ಲ. ಎಣ್ಣೆ ಹಚ್ಚುದು ಮಾತ್ರ ನಿಲ್ಲುದಿಲ್ಲ."

ವಿಮಾನ ನಿಲ್ದಾಣಗಳು

ಗೋರೆಗಾಂವ್‌ನಲ್ಲಿ ಬಾಗಿದ ಬಾರ್‌ಗಳ ಜೊತೆಗೇ ಕುಲುಮೆಯಿಂದ ಇಳಿದ ಕೆಲವನ್ನು ಬಸಣ್ಣ ಮರಾಠಿ ಪೇಪರಿನಲ್ಲಿ ಸುತ್ತಿ ಕೊಟ್ಟ. ಹದವಾಗಿ ಎಣ್ಣೆ ಹಚ್ಚಿಯೇ. ವಡಾಲದ ನನ್ನ ಮನೆಯಲ್ಲಿ ಅವನ್ನು ಬಟ್ಟೆಗಳ ನಡುವೆ ಇಟ್ಟೆ, ಜರ್ಮನಿಯಲ್ಲಿ ತೆಗೆದಾಗ ನನ್ನ ಒಂದೇ ಒಂದು ಬಿಳಿ ಅಂಗಿಯ ಬೆನ್ನ ಮೇಲೆ ಆ ದಿನದ ಹವಾಮಾನ ವರದಿ ತಿರುಗುಮುರುಗಾಗಿ ಅಚ್ಚಾಗಿತ್ತು.

ಅದಕ್ಕೂ ಮೊದಲು ಅಲ್ಲಿನ ಕಸ್ಟಮ್ಸ್‌ನವನು ಬ್ಯಾಗು ತೆರೆಸಿದ. ಇದೇನು ಎಂದು ಕೇಳಿದ. ಕಬ್ಬಿಣವೇ? ಅಲ್ಲ ಎಂದೆ. ಅಲ್ಯೂಮಿನಿಯಮ್ಮೇ? ಅದೂ ಅಲ್ಲ ಎಂದೆ. ನಿಜ ಹೇಳುವುದು ಎಷ್ಟು ಅನುಮಾನ ಹುಟ್ಟಿಸಬಲ್ಲದು ಎಂದು ಆಗ ಗೊತ್ತಾಯಿತು. ಅವನು ಒಂದು ಬಾರನ್ನು ಎತ್ತಿ ಮೂಸಿದ, ಬೆರಳು ನೋಡಿಕೊಂಡ, ಒರೆಸಲು ಏನೂ ಸಿಗದೆ ನನ್ನ ಪೇಪರಿಗೇ ಒರೆಸಿದ. ಅದೂ ಎಣ್ಣೆಯದೇ. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಹೋಗು ಎಂದು ಗಲ್ಲದಲ್ಲಿ ಸನ್ನೆ ಮಾಡಿದ.

ತೊಟ್ಟಿ

ಊರು ಸಣ್ಣದು, ನದಿಯ ದಂಡೆಯಲ್ಲಿ. ನವೆಂಬರಿನ ಜಿನುಗು ಮಳೆ. ನಮ್ಮ ಮಳೆ ಸುರಿದು ಮುಗಿಸುತ್ತದೆ, ಅಲ್ಲಿನದು ಮೀಟಿಂಗಿನಲ್ಲಿ ಕೂತವರ ಹಾಗೆ ಮುಗಿಸುವುದೇ ಇಲ್ಲ. ರಸ್ತೆಯಲ್ಲಿ ಕಣ್ಣು ಹಾಯುವವರೆಗೆ ಒಂದು ವಾಹನವಿಲ್ಲದಿದ್ದರೂ ಜನ ಕೆಂಪು ದೀಪದ ಮುಂದೆ ನಿಂತು ನೆನೆಯುತ್ತಾರೆ. ನಾನು ದಾಟಿದೆ. ಎದುರಿನ ಫುಟ್‌ಪಾತಿನಲ್ಲಿದ್ದ ಅಜ್ಜಿಯೊಬ್ಬರು ಬೈದರು. ಭಾಷೆ ತಿಳಿಯಲಿಲ್ಲ, ಧಾಟಿ ತಿಳಿಯಿತು. ದಾದರ್ ಸ್ಟೇಷನ್ನಿನಲ್ಲಿ ಇಳಿಯುವವರಿಗೆ ಅಡ್ಡ ನಿಂತರೆ ಕೇಳಿಸಿಕೊಳ್ಳಬೇಕಾದ ಧಾಟಿಯೇ ಅದು, ಸ್ವಲ್ಪ ತಗ್ಗಿದ ದನಿಯಲ್ಲಿ.

ಕಂಪನಿಯ ಪರೀಕ್ಷಾ ಕೊಠಡಿಯ ಮುಖ್ಯಸ್ಥೆ ಎತ್ತರದ, ನರೆತ ಕೂದಲಿನ ಹೆಂಗಸು. ಹೆಸರಿನ ಮುಂದೆ ಡಾಕ್ಟರ್ ಸೇರಿಸದೆ ಯಾರೂ ಕರೆಯುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಡಾಕ್ಟರಮ್ಮ ಎಂದು ಇಟ್ಟುಕೊಂಡೆ. ಯಂತ್ರ ನಡೆಸುವವನು ಯೆನ್ಸ್, ದುಂಡು ಮುಖದವನು, ಹೊರಗೆ ಎಷ್ಟೇ ಚಳಿ ಇರಲಿ ಆಗಾಗ ಎದ್ದು ಕಿಟಕಿಗಳನ್ನೆಲ್ಲ ತೆರೆದುಬಿಡುತ್ತಿದ್ದ. ಗಾಳಿ ಬದಲಾಗಬೇಕಂತೆ. ಗೋಡೆಯ ಮೇಲೆ ಗಾಳಿಯ ತೇವ ಅಳೆಯುವ ಪುಟ್ಟ ಮೀಟರು ಬೇರೆ. ಮನೆಯಲ್ಲೂ ಇಟ್ಟುಕೊಳ್ಳುತ್ತಾರಂತೆ. ನಮ್ಮಲ್ಲಿ ತೇವ ಅಳೆಯಲು ಒಂದು ಹಪ್ಪಳ ಹೊರಗಿಟ್ಟರೆ ಸಾಕು ಎಂದೆ. ಅವನು ನಗದೆ, ಎಷ್ಟು ಹೊತ್ತು ಎಂದು ಕೇಳಿದ.

ನಾನು ತಂದ ಬಾರ್‌ಗಳನ್ನು ಯೆನ್ಸ್ ಪೇಪರಿನಿಂದ ಬಿಡಿಸಿ, ಮುಖ ಸಣ್ಣದು ಮಾಡಿ, ಒಂದು ತೊಟ್ಟಿಗೆ ಇಳಿಸಿದ. ಅದರೊಳಗಿನ ದ್ರವ ಸಣ್ಣಗೆ ಗುಂಯ್‌ಗುಡುತ್ತ ನಡುಗಿತು. ಹೊರಬಂದ ಬಾರ್‌ಗಳು ಮದುವೆ ಮನೆಯ ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದ್ದವು. ಇಲ್ಲಿಗೆ ಯಾವ ಲೋಹ ಬಂದರೂ ಮೊದಲು ಸ್ನಾನ, ಆಮೇಲೆ ಮಾತು ಎಂದ. ನಾನು ಮನಸಾರೆ ಮೆಚ್ಚಿದೆ. ಬಸಣ್ಣನ ಡಬ್ಬಿಯಿಂದ ಬಿಡುಗಡೆಯಾದ ನಮ್ಮ ಬಾರ್‌ಗಳನ್ನು ನಾನು ಅಷ್ಟು ಶುಭ್ರವಾಗಿ ಎಂದೂ ಕಂಡಿರಲಿಲ್ಲ.

ಒಂದನ್ನು ಯಂತ್ರದ ಎರಡು ಉರುಳೆಗಳ ಮೇಲೆ ಮಲಗಿಸಿದ. ಮೇಲಿನಿಂದ ಒತ್ತು ಇಳಿಯಿತು. ಬಾರು ಬಾಗಲಿಲ್ಲ. ಗ್ಲುಕೋಸ್ ಬಿಸ್ಕತ್ತಿನ ಹಾಗೆ ಟಕ್ಕೆಂದಿತು. ಇನ್ನೊಂದು, ಮತ್ತೊಂದು, ಎಲ್ಲ ಹಾಗೇ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಿಮ್ಮ ವರದಿ ಸರಿ ಇರಬಹುದು, ನಿಮ್ಮ ಬಾರೂ ಸರಿ ಇರಬಹುದು. ಆದರೆ ಅವೆರಡೂ ಒಂದೇ ವಸ್ತುವಿನದ್ದಲ್ಲ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ನನಗೊಂದು ಲೋಟ ನೀರು ತಂದುಕೊಟ್ಟರು.

ಬ್ರೆಡ್ಡು

ಚರ್ಚೆಗೆ ತಯಾರಾಗುವಾಗ ನಮಗೆ ಕಲಿಸಿದ ಮೊದಲ ಪಾಠ: ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಕಟ್ಟಿ ನೋಡು. ಮರುದಿನ ಬೆಳಿಗ್ಗೆಯೆಲ್ಲ ನಾನು ಅದನ್ನೇ ಮಾಡಿದೆ. ಗೋರೆಗಾಂವ್‌ನವರು ಸುಳ್ಳು ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಆದರೆ ಆ ಬಾರು ಬಾಗಿದ್ದನ್ನು ನಾನೇ ನಿಂತು ನೋಡಿದ್ದೇನೆ. ಬಾರೇ ಬೇರೆ ಎಂದುಕೊಳ್ಳೋಣ. ಒಂದೇ ಕುಲುಮೆ, ಒಂದೇ ದಿನ, ಒಂದೇ ಪುಡಿ. ಯಂತ್ರದ ವ್ಯತ್ಯಾಸ? ಒಂದು ಬಿಸ್ಕತ್ತನ್ನು ಯಾವ ಯಂತ್ರವೂ ಬಾಗಿಸುವುದಿಲ್ಲ. ಎದುರು ಪಕ್ಷ ಗೆಲ್ಲುತ್ತಿರಲಿಲ್ಲ, ನಾನೂ ಗೆಲ್ಲುತ್ತಿರಲಿಲ್ಲ. ಮಾರನೆಯ ದಿನ ನನ್ನ ವಾಪಸು ವಿಮಾನ.

ಮಧ್ಯಾಹ್ನ ಯೆನ್ಸ್ ಕ್ಯಾಂಟೀನಿಗೆ ಕರೆದೊಯ್ದ. ಆ ಹೊತ್ತಿಗೆ ಕಾರಿಡಾರಿನಲ್ಲಿ ಎದುರಾದವರೆಲ್ಲ ಒಂದೇ ಪದ ಹೇಳಿ ದಾಟುತ್ತಾರೆ, ಊಟದ ಹೊತ್ತಾಯಿತು ಎಂಬ ಅರ್ಥದ್ದು. ಊಟ ಆಯ್ತಾ ಎಂದು ಕೇಳುವ ನಮ್ಮವರೇ ಇವರು ಎಂದು ಮೊದಲ ಬಾರಿಗೆ ಅನ್ನಿಸಿತು. ಯೆನ್ಸ್ ಮನೆಯಿಂದ ತಂದ ಬ್ರೆಡ್ಡು ಬಿಚ್ಚಿ ಬೆಣ್ಣೆ ಹಚ್ಚತೊಡಗಿದ. ಹಚ್ಚುವ ಶ್ರದ್ಧೆ ನೋಡಬೇಕು. ಮೂಲೆ ಮೂಲೆಗೆ, ಅಂಚಿನ ಕೊನೆಯವರೆಗೆ, ಒಂದು ಸಾಸಿವೆಯಷ್ಟು ಜಾಗ ಬಿಡದೆ.

ಸುಮ್ಮನಿರಲಾರದೆ ಕೇಳಿದೆ, ಅಂಚಿಗೂ ಯಾಕೆ?

"ಸೌತೆಕಾಯಿ ಇಡ್ತೀನಲ್ಲ, ಅದರ ನೀರು ಬ್ರೆಡ್ಡಿಗೆ ಇಳಿಯಬಾರದು. ಬೆಣ್ಣೆ ತಡೆಯುತ್ತೆ," ಎಂದ.

ಇದೇ ಮಾತನ್ನು ನಾನು ಇನ್ನೊಬ್ಬನ ಬಾಯಲ್ಲಿ ಕೇಳಿದ್ದೆ. ಗೋರೆಗಾಂವ್ ಸ್ಟೇಷನ್ನಿನ ಹೊರಗಿನ ಸ್ಯಾಂಡ್‌ವಿಚ್‌ವಾಲಾ. ಬೆಣ್ಣೆ ಕಮ್ಮಿ ಹಾಕು ಭಯ್ಯಾ ಎಂದು ನಾನು ಪ್ರತಿಸಲ ಜಗಳಾಡುವುದು, ಅವನು ಪ್ರತಿಸಲ ಅಂಚಿನವರೆಗೆ ಬಳಿಯುವುದು. ಬಾರು ಬಾಗಿದ ದಿನವೂ ಅಲ್ಲೇ ತಿಂದಿದ್ದೆ. "ಮಕ್ಖನ್ ನಹೀಂ ತೋ ಟಮಾಟರ್ ಕಾ ಪಾನಿ ಅಂದರ್ ಜಾಯೇಗಾ, ಮೇಡಂ. ಬ್ರೆಡ್ ಟೂಟೇಗಾ," ಎಂದಿದ್ದ.

ನೀರು ಒಳಗೆ ಹೋಗುತ್ತದೆ, ಬ್ರೆಡ್ಡು ಮುರಿಯುತ್ತದೆ.

ನಾನು ಕೈಯಲ್ಲಿದ್ದ ಚಮಚ ಇಟ್ಟೆ. ಕಾಲೇಜಿನಲ್ಲಿ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತದ್ದು ಪೂರ್ತಿಯಾಗಿ ಎದ್ದು ನಿಂತಿತು. ಈ ವಸ್ತುವಿನಲ್ಲಿರುವ ಅಲ್ಯೂಮಿನಿಯಂ ಗಾಳಿಯ ತೇವವನ್ನು ಕಂಡರೆ ಬಿಡುವುದಿಲ್ಲ. ಒತ್ತಡಕ್ಕೆ ಮೇಲ್ಮೈ ಕೂದಲೆಳೆಯಷ್ಟು ಬಿರಿದರೆ ಸಾಕು, ಆ ಹೊಸ ಬಿರುಕಿನಲ್ಲಿ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಉಳಿದ ಹೈಡ್ರೋಜನ್ ಬಿರುಕಿನ ತುದಿಯಿಂದ ಒಳಗೆ ನುಗ್ಗಿ ಲೋಹದ ಬಿಗಿಯನ್ನು ಸಡಿಲಿಸುತ್ತದೆ. ಬಾಗಬೇಕಾದದ್ದು ಮುರಿಯುತ್ತದೆ. ಆ ತೇವಕ್ಕೆ ಯಾರಾದರೂ ಅಡ್ಡ ನಿಲ್ಲಬೇಕು. ಕಾಂದಿವಲಿಯಲ್ಲಿ ಬಸಣ್ಣನ ಡಬ್ಬಿ ನಿಂತಿತ್ತು. ಗೋರೆಗಾಂವ್‌ನಲ್ಲಿ ಎಣ್ಣೆ ಒರೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮುಂಬೈಯಲ್ಲಿ ಎಣ್ಣೆ ಇಲ್ಲದ ಲೋಹವನ್ನು ಯಾರು ಕಂಡಿದ್ದಾರೆ? ಇಲ್ಲಿ ಯೆನ್ಸ್ ಅದನ್ನು ಶ್ರದ್ಧೆಯಿಂದ ತೊಳೆದು, ಕಿಟಕಿ ತೆರೆದು, ನವೆಂಬರನ್ನು ಒಳಗೆ ಕರೆದಿದ್ದ.

ನಗು ಬಂತು. ನಾಣ್ಯ ಮಗುಚಿ ಬಿದ್ದಿತ್ತು. ಕಾಂದಿವಲಿಯಲ್ಲಿ ಎಣ್ಣೆಯ ವಿರುದ್ಧ ಗಂಟಲು ಹರಿದುಕೊಂಡವಳು ಜರ್ಮನಿಯಲ್ಲಿ ಎಣ್ಣೆಯ ಪರವಾಗಿ ನಿಲ್ಲಬೇಕಿತ್ತು.

ಹೀಟರು

ಡಾಕ್ಟರಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಒಳಗೆ ಹೋಗಿ ಒಂದು ದಪ್ಪ ಪುಸ್ತಕ ಹಿಡಿದು ಬಂದರು. ಓದುತ್ತ ನಿಂತೇ ಇದ್ದರು. ತಮ್ಮ ಕೊಠಡಿಗೆ ಬರುವುದು ಹೆಚ್ಚಾಗಿ ಉಕ್ಕು, ಉಕ್ಕಿಗೆ ತೊಳೆಯುವುದೇ ಸರಿ, ಇದರ ಬಗ್ಗೆ ಓದಿದ್ದೆ, ಕೈಗೆ ಬಂದಿರಲಿಲ್ಲ ಎಂದರು. ಆದರೆ ಓದಿದ್ದು ಸಾಕ್ಷಿಯಲ್ಲ, ಮಾಡಿ ತೋರಿಸಬೇಕು. ನಾನು ಅದನ್ನೇ ಕೇಳಲು ಹೋಗಿದ್ದೆ. ಒಂದೇ ಬಾರನ್ನು ಉದ್ದಕ್ಕೆ ಸೀಳೋಣ, ಎರಡನ್ನೂ ತೊಳೆಯೋಣ, ಒಂದಕ್ಕೆ ಮಾತ್ರ ಎಣ್ಣೆ ಹಚ್ಚೋಣ ಎಂದೆ.

ಎಣ್ಣೆ ಎಲ್ಲಿ? ಸ್ಟೋರಿನಲ್ಲಿ ಬೇಕಾದಷ್ಟಿತ್ತು. ಆದರೆ ಯಾವುದೇ ಹೊಸ ದ್ರವ ಪರೀಕ್ಷಾ ಯಂತ್ರದ ಬಳಿ ಬರಬೇಕಾದರೆ ಸುರಕ್ಷತೆಯವರ ಒಪ್ಪಿಗೆ ಬೇಕು, ಅವರು ಬರುವುದು ಮುಂದಿನ ವಾರ. ಡಾಕ್ಟರಮ್ಮ ಕೂಡ ಈ ನಿಯಮ ಮುರಿಯುವವರಲ್ಲ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಊರು ಅದು, ಮರೆತಿರಲಿಲ್ಲ.

ನನ್ನ ಬ್ಯಾಗಿನಲ್ಲಿ ತೆಂಗಿನೆಣ್ಣೆಯ ಬಾಟಲಿ ಇತ್ತು, ತಲೆಗೆ ಹಚ್ಚುವುದು. ಬಂದ ದಿನದಿಂದ ಅದು ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು, ನನ್ನ ತಲೆ ಬಣವೆಯಾಗಿತ್ತು. ಅದನ್ನು ತಂದಿಟ್ಟೆ.

ಯೆನ್ಸ್ ಅದರ ಹಿಂಬದಿಯ ಅಕ್ಷರಗಳನ್ನು ಓದಿ, ಇದು ತಿನ್ನುವುದಲ್ಲವೇ, ತಿನ್ನುವುದನ್ನು ಇಲ್ಲಿ ತರುವ ಹಾಗಿಲ್ಲ ಎಂದ. ತಿನ್ನುವುದಲ್ಲ, ತಲೆಗೆ ಎಂದೆ. ಹಾಗಾದರೆ ರಾಸಾಯನಿಕ ಎಂದ. ನಾನು ಕೈ ತೊಳೆಯುವ ಬೇಸಿನ್ನಿನ ಕಡೆ ನೋಡಿದೆ. ಅಲ್ಲಿ ಕೈಗೆ ಹಚ್ಚುವ ಕ್ರೀಮಿನ ಟ್ಯೂಬ್ ಇತ್ತು. ಆ ಕ್ರೀಮು ಯಾವ ಒಪ್ಪಿಗೆ ಪಡೆದು ಬಂದಿದೆ ಎಂದು ಕೇಳಿದೆ. ಅದು ಮೈಗೆ ಹಚ್ಚುವುದು ಎಂದ. ಇದೂ ಮೈಗೆ ಹಚ್ಚುವುದೇ, ತಲೆ ಮೈಯ ಹೊರಗಿಲ್ಲ ಎಂದೆ. ಅವನು ಡಾಕ್ಟರಮ್ಮನ ಮುಖ ನೋಡಿದ. ಅವರು ಕ್ರೀಮಿನ ಟ್ಯೂಬನ್ನೊಮ್ಮೆ ನೋಡಿ, "ವಾದ ನಿಲ್ಲುತ್ತದೆ," ಎಂದರು. ಇಷ್ಟು ಬಹುಮಾನ ಗೆದ್ದಿದ್ದೇನೆ, ಯಾವ ತೀರ್ಪುಗಾರರ ಮಾತೂ ನನಗೆ ಇಷ್ಟು ರುಚಿಸಿರಲಿಲ್ಲ.

ಬಾಟಲಿಯನ್ನು ಹೀಟರಿನ ಮೇಲೆ ಇಟ್ಟು ನಾವು ಮೂವರೂ ಸುತ್ತ ನಿಂತೆವು. ಅಂಚು ಮೊದಲು ಪಾರದರ್ಶಕವಾಯಿತು, ನಡುವಿನ ಬಿಳಿ ಗಡ್ಡೆ ಮೆಲ್ಲಗೆ ಸಣ್ಣದಾಗುತ್ತ ತೇಲಿತು. ಕೊಠಡಿಯಲ್ಲಿ ತೆಂಗಿನೆಣ್ಣೆಯ ವಾಸನೆ ತುಂಬಿ ನನಗೆ ವಡಾಲದ ಭಾನುವಾರ ಬೆಳಿಗ್ಗೆ ನೆನಪಾಯಿತು. ಯೆನ್ಸ್ ಕಿಟಕಿ ತೆರೆಯಲು ಎದ್ದ, ನಾನೂ ಡಾಕ್ಟರಮ್ಮನೂ ಒಟ್ಟಿಗೆ ಬೇಡ ಎಂದೆವು.

ಎಣ್ಣೆ ಇಲ್ಲದ ಸೀಳು ಮೊದಲು. ಟಕ್.

ಎಣ್ಣೆಯದನ್ನು ಯೆನ್ಸ್ ಉರುಳೆಗಳ ಮೇಲಿಟ್ಟ. ಅಂಚಿನವರೆಗೂ ಹಚ್ಚಿದ್ದ, ಹೇಳಿಕೊಡಬೇಕಿರಲಿಲ್ಲ. ಒತ್ತು ಇಳಿಯಿತು. ಮೊದಲಿನದು ಮುರಿದ ಮಟ್ಟ ದಾಟಿತು. ಇನ್ನೂ ಇಳಿಯಿತು. ಬಾರಿನ ಹೊಟ್ಟೆ ಕೆಳಗೆ ಬಂತು, ಬಾಗಿತು, ಬಾಗುತ್ತಲೇ ಹೋಯಿತು. ಒಂದು ಹನಿ ಎಣ್ಣೆ ಉರುಳೆಯ ಮೇಲೆ ಬಿತ್ತು. ಯೆನ್ಸ್ ಅದನ್ನು ಒರೆಸಲಿಲ್ಲ.

ಇನ್ನೊಂದು ಜೋಡಿ ಮಾಡಿದೆವು. ಮತ್ತೊಂದು ಮಾಡಿದೆವು. ಪ್ರತಿಸಲವೂ ಹಾಗೇ.

ಆಮೇಲೆ ಡಾಕ್ಟರಮ್ಮ ನಾನು ನಿರೀಕ್ಷಿಸಿದ್ದ ಪ್ರಶ್ನೆ ಎಸೆದರು. "ನಮ್ಮ ಬರ್ನರು ಎಣ್ಣೆಯಲ್ಲಿ ಕೂತಿರುವುದಿಲ್ಲ."

ನಿಜ, ಬೆಂಕಿಯಲ್ಲಿ ಕೂತಿರುತ್ತದೆ ಎಂದೆ. ಈ ತೇವದ ಕಾಟ ತಣ್ಣಗಿರುವಾಗಿನದು. ಕಾದ ಮೇಲೆ ಅದೇ ಅಲ್ಯೂಮಿನಿಯಂ ಗಟ್ಟಿ ಪದರ ಹೊದ್ದು ವಸ್ತುವನ್ನು ಕಾಯುತ್ತದೆ. ಅಪಾಯ ಇರುವುದು ಮೂತಿಯನ್ನು ತಿರುಗಿಸಿ ಕೂರಿಸುವ ಆ ಗಳಿಗೆಯಲ್ಲಿ. ತಿರುಪಿಗೆ ಎಣ್ಣೆ ಹಚ್ಚದೆ ಕೂರಿಸುವ ಫಿಟ್ಟರು ನಿಮ್ಮಲ್ಲಿದ್ದಾನೆಯೇ? ಅವರು ಯೆನ್ಸ್‌ನ ಕಡೆ ನೋಡಿದರು. ಇಲ್ಲ ಎಂದು ಅವನು ತಲೆಯಾಡಿಸಿದ.

ಹೊರಡುವಾಗ ಡಾಕ್ಟರಮ್ಮ ಕೈಕುಲುಕಿ, ನಿಮ್ಮ ವರದಿಯಲ್ಲಿ ಒಂದು ಪದ ಬಿಟ್ಟುಹೋಗಿತ್ತು, ಅದನ್ನು ನಮ್ಮ ವರದಿಯಲ್ಲಿ ಸೇರಿಸುತ್ತೇವೆ ಎಂದರು. ಸೇರಿಸಿದರು ಕೂಡ. ಆ ಗಂಭೀರ ಕಾಗದದಲ್ಲಿ, ಪರೀಕ್ಷೆ ನಡೆದ ವಾತಾವರಣ ಎಂಬ ಸಾಲಿನ ಎದುರು, ಜರ್ಮನ್ ಭಾಷೆಯಲ್ಲಿ ತೆಂಗಿನೆಣ್ಣೆ ಎಂದಿದೆ. ಬಾಟಲಿ ಯೆನ್ಸ್‌ನ ಬಳಿ ಉಳಿಯಿತು. ಅವನು ಅದಕ್ಕೆ ಚೀಟಿ ಅಂಟಿಸಿ ಹೆಸರು, ತಾರೀಕು ಬರೆದು ಕಪಾಟಿನಲ್ಲಿಟ್ಟ.

ಮತ್ತೆ ಕಾಂದಿವಲಿ

ಲೋಕಲ್ ಇಳಿದು ನೇರ ಕಾರ್ಖಾನೆಗೆ ಹೋದೆ. ಬಾಗಿದ ಸೀಳನ್ನೂ ಮುರಿದ ಸೀಳನ್ನೂ ದಿವಾಕರಣ್ಣನ ಮೇಜಿನ ಮೇಲೆ ಇಟ್ಟೆ. ಆರ್ಡರು ನನಗಿಂತ ಮೊದಲೇ ಬಂದಿತ್ತು, ಮೂತಿಗಳನ್ನು ದಯವಿಟ್ಟು ಎಣ್ಣೆ ಸಮೇತ ಕಳಿಸಿ ಎಂಬ ಒಕ್ಕಣೆಯೊಂದಿಗೆ. ದಿವಾಕರಣ್ಣ ಅದನ್ನು ಯಾರಿಗೆಲ್ಲ ಓದಿ ಹೇಳಿದ್ದರೋ, ಪಕ್ಕದ ಗಾಳೆಯ, ಅಂದರೆ ಪಕ್ಕದ ಶೆಡ್ಡಿನ, ಪ್ಯಾಕಿಂಗಿನವನೂ ನನ್ನನ್ನು ನೋಡಿ ತಲೆಗೆ ಎಣ್ಣೆ ಹಚ್ಚುವ ಹಾಗೆ ಅಭಿನಯಿಸಿದ.

"ನಾನು ಆವತ್ತೇ ಹೇಳಿದ್ದಲ್ವಾ, ಎಣ್ಣೆ ನಿಲ್ಲುದಿಲ್ಲ ಅಂತ," ಎಂದರು ದಿವಾಕರಣ್ಣ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಾಲು ಚಾಚಿ, ಗೆದ್ದವರ ಭಂಗಿಯಲ್ಲಿ.

ನೀವು ಹಚ್ಚಿಸಿದ್ದು ತುಕ್ಕಿಗೆ ಎಂದೆ. ಇದು ತುಕ್ಕು ಹಿಡಿಯುವುದಿಲ್ಲ, ಆ ಮಾತು ಇವತ್ತಿಗೂ ನನ್ನದೇ.

"ಎಂತಕ್ಕೆ ಹಚ್ಚಿದ್ದು ಅನ್ನುದು ಬಿಡು. ಹಚ್ಚಿಸಿದ್ದು ಯಾರು?"

ಬಿಡುವ ಮಾತೇ ಇರಲಿಲ್ಲ. ಕಾರಣ ಗೊತ್ತಿಲ್ಲದೆ ಸರಿ ಮಾಡುವವನು ನಾಳೆ ಕಾರಣ ಗೊತ್ತಿಲ್ಲದೆ ತಪ್ಪೂ ಮಾಡುತ್ತಾನೆ. ತುಕ್ಕಿಗೆ ಎಂದುಕೊಂಡವರು ಚಳಿಗಾಲದಲ್ಲಿ ಎಣ್ಣೆ ಉಳಿಸಲು ಹೊರಡುತ್ತಾರೆ, ಇಲ್ಲವೇ ಪರೀಕ್ಷೆಗೆ ಮುಂಚೆ ಒರೆಸಿ ಕೊಡುತ್ತಾರೆ. ಇಷ್ಟನ್ನೂ ಹೇಳಿ, ಇನ್ನು ಮುಂದೆ ಕುಲುಮೆಯಿಂದ ಇಳಿಯುವ ಪ್ರತಿ ಕಂತಿನ ಒಂದು ಬಾರನ್ನು ತೊಳೆದು, ಒಂದನ್ನು ತೊಳೆಯದೆ, ಎರಡನ್ನೂ ಗೋರೆಗಾಂವ್‌ಗೆ ಕಳಿಸಬೇಕು ಎಂದೆ. ಅವರು ಮುರಿದ ಸೀಳನ್ನು ಎತ್ತಿ, ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದರು.

"ಸರಿ, ಎರಡೂ ಕಳಿಸು," ಎಂದರು. "ಸುಳ್ಳು ಅಂತ ಇನ್ನು ಒಬ್ಬರೂ ಹೇಳ್ಬಾರ್ದು."

ಬಸಣ್ಣ ಹೊಸ ಬಾರ್‌ಗಳನ್ನು ಅದ್ದುತ್ತಿದ್ದ. ಈಗ ಎಣ್ಣೆ ಬ್ಯಾಡ ಅನ್ನಂಗಿಲ್ಲಲ್ಲ ತಂಗಿ ಎಂದು ಕಣ್ಣು ಮಿಟುಕಿಸಿ, ಡಬ್ಬಿಯ ಮೇಲೆ ಒಂದು ಬೋರ್ಡು ಬರೆದುಕೊಡು, ಹೊಸ ಹುಡುಗರು ಮರೆಯುತ್ತಾರೆ ಎಂದ. ಪೇಂಟು ತರಿಸಿ ಬರೆದೆ, ಕನ್ನಡದಲ್ಲೂ ಹಿಂದಿಯಲ್ಲೂ, ಎರಡೆರಡು ಸಾಲು. ಎಣ್ಣೆ ಹಚ್ಚಿಯೇ ಕಳಿಸಬೇಕು. ತುಕ್ಕಿಗಾಗಿ ಅಲ್ಲ.

ದಿವಾಕರಣ್ಣ ಬಂದು ಓದಿ, ಮೊದಲ ಸಾಲು ಸಾಕಿತ್ತು, ಎರಡನೆಯದು ಸುಮ್ಮನೆ ಪೇಂಟು ದಂಡ ಎಂದರು.

ನಾನು ಅಳಿಸಲಿಲ್ಲ. ಮೊದಲ ಸಾಲು ಕಾಂದಿವಲಿಯಲ್ಲಿ ಮೊದಲಿನಿಂದಲೂ ಇತ್ತು. ನಾನು ಜರ್ಮನಿಯಿಂದ ತಂದದ್ದು ಎರಡನೆಯದು.